ಮೊದಲನೆಯ ತುಂಡು

ಗರಗಸದಕ್ಕನ ತಾತ ನಡುಬೇಸಗೆಯಲ್ಲಿ ಮಂಜುಗಡ್ಡೆಗೆ ಮರದ ಹೊಟ್ಟು ಹೊದಿಸಿ, ತಳ್ಳುಗಾಡಿಯಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಸಾಗಿಸುತ್ತಿದ್ದವನು. ದಾರಿಯಲ್ಲಿ ತಾನು ಬೆವರಿನಲ್ಲಿ ತೊಯ್ದು ತೊಪ್ಪೆಯಾದರೂ ಗಡ್ಡೆ ಬೆವರದಂತೆ ನೋಡಿಕೊಂಡ ಜಂಬ ಅವನಿಗೆ ಸಾಯುವತನಕ ಇತ್ತು. ಅಪ್ಪ ಮೀನು ಮಾರುಕಟ್ಟೆಯ ಐಸ್ ಕಾರ್ಖಾನೆಯವನು. ಒಮ್ಮೆ ಕಂಪ್ರೆಸರ್ ಕೆಟ್ಟಾಗ ಮನೆಯ ಕಂಬಳಿಗಳನ್ನೆಲ್ಲ ಗಡ್ಡೆಗಳಿಗೆ ಹೊದಿಸಿ, ಹೆಂಡತಿ ಮಕ್ಕಳನ್ನು ಬರಿನೆಲದ ಮೇಲೆ ಮಲಗಿಸಿದ ಮಹಾನುಭಾವ. ಇಂಥ ಮನೆತನದ ಹೆಣ್ಣು ಹವಾಮಾನ ಸಂಸ್ಥೆಯ ಶೀತಲ ಕೋಣೆಗೆ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಲ್ಲಿದ್ದದ್ದು ಅಂಗಡಿಯ ಐಸಲ್ಲ. ಧ್ರುವದಲ್ಲಿ ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು ಕಲ್ಲಾಗಿರುತ್ತದೆ. ಬಿದ್ದ ಕಾಲದ ಗಾಳಿಯೂ ಗುಳ್ಳೆಗುಳ್ಳೆಯಾಗಿ ಅದರೊಳಗೇ ಸೆರೆ. ಅದನ್ನು ಮೈಲಿಗಟ್ಟಲೆ ಆಳಕ್ಕೆ ಕೊರೆದು, ಕಬ್ಬಿನಂತೆ ಕೊರಡು ಕೊರಡಾಗಿ ತೆಗೆದು, ಕೊಳವೆಗಳಲ್ಲಿ ತುಂಬಿ ತಂದಿಟ್ಟಿದ್ದರು. ಆಳಕ್ಕೆ ಹೋದಷ್ಟೂ ಹಳೆಯದು. ಅಕ್ಕ ಗರಗಸದಲ್ಲಿ ಕೊಯ್ದು ಕೊಟ್ಟರೆ ವಿಜ್ಞಾನಿಗಳು ಆ ಗುಳ್ಳೆ ಒಡೆದು, ಮನುಷ್ಯನೇ ಇಲ್ಲದ ಕಾಲದಲ್ಲಿ ಸೆಕೆ ಎಷ್ಟಿತ್ತು, ಚಳಿ ಎಷ್ಟಿತ್ತು ಎಂದು ಹೇಳುತ್ತಿದ್ದರು. ತಳದ ತುಂಡು ಬೆರಳುದ್ದ ಮಾತ್ರ ಉಳಿದಿತ್ತು. ಅಕ್ಕ ಅದನ್ನು ಬಾಣಂತಿಯ ಹಾಗೆ ಬೆಚ್ಚಗೆ, ಅಲ್ಲ, ತಣ್ಣಗೆ ಕಾಪಾಡಿಕೊಂಡಿದ್ದಳು. ಸಂಜೆ ಮನೆಗೆ ಬಂದರೆ ದರ್ಜಿ ಗಂಡ, "ನಿನ್ನ ಕೈ ಹಿಡಿದದ್ದೂ ಒಂದೇ, ಐಸ್‌ಕ್ಯಾಂಡಿ ಹಿಡಿದದ್ದೂ ಒಂದೇ ಕಣೇ" ಎಂದು ರೇಗಿಸುವನು.

ಮೊದಲಿಂದಲೂ ಕೋಣೆಯಲ್ಲಿ ಒಂದು ಮಾತಿನ ರೂಢಿಯಿತ್ತು. ಕೊರೆಯುವಾಗ ಮೊದಲು ಕೈಗೆ ಬಂದ ಮೇಲಿನ ತುಂಡೇ 'ಮೊದಲನೆಯದು'. ನಮ್ಮ ನಿಮ್ಮ ಕಾಲದ ಎಳೆಯ ಹಿಮ ಅದು, ಬೇಕಾದಷ್ಟಿತ್ತು. ಹೊಸದಾಗಿ ಬಂದ ನಿರ್ದೇಶಕರಿಗೆ ಇದು ಅಶಾಸ್ತ್ರೀಯವೆನಿಸಿತು. ಕಾಲದಲ್ಲಿ ಹಿಂದಿನದೇ ಮೊದಲನೆಯದು, ಆದ್ದರಿಂದ ತಳದ ತುಂಡನ್ನೇ ಇನ್ನು ಮೊದಲನೆಯದು ಎನ್ನತಕ್ಕದ್ದು ಎಂದು ಸಭೆ ಕರೆದು ಅಪ್ಪಣೆ ಕೊಡಿಸಿದರು.

"ಮನೆಗೆ ಮೊದಲು ಬಂದವಳೇ ಹಿರಿ ಸೊಸೆ ಅಲ್ವಾ ಸಾರ್? ವಯಸ್ಸು ಯಾರು ಕೇಳ್ತಾರೆ?" ಎಂದಳು ಅಕ್ಕ.

"ಇದು ಸಂಸ್ಥೆ, ನಿಮ್ಮ ಮನೆ ಅಲ್ಲ."

ಅಪ್ಪಣೆ ಹೊರಡಿಸಿದವರು ಅದನ್ನು ಮರೆತು ಹಳೆಯ ರೂಢಿಗೇ ಹೊರಳಿದರು. ಪಾಲಿಸುವವಳು ಮರೆಯಲಿಲ್ಲ.

ಒಂದು ದಿನ ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ನಿರ್ದೇಶಕರ ಭಾಷಣ ಅರ್ಧಕ್ಕೆ ಬರುವ ಹೊತ್ತಿಗೆ ಸಾಹೇಬರ ಆಕಳಿಕೆ ಪೂರ್ತಿಯಾಗಿತ್ತು. ಗಾಬರಿಯಾದ ನಿರ್ದೇಶಕರು ಕೋಣೆಯ ಬಾಗಿಲಿಗೆ ಓಡಿಬಂದರು.

"ಸಾಹೇಬ್ರ ಹಣ್ಣಿನ ರಸಕ್ಕೆ ನಮ್ಮ ಮಂಜು ಹಾಕೋಣ. ಚಟಪಟ ಅಂತ ಸದ್ದು ಮಾಡುತ್ತೆ, ಖುಷಿಯಾಗ್ತಾರೆ. ಮೊದಲನೇದು ಕೊಯ್ಕೊಂಡು ಬನ್ನಿ."

ಅಕ್ಕ ಗರಗಸ ನಿಲ್ಲಿಸಿದಳು. "ಮೊದಲನೇದಾ ಸಾರ್?"

"ಹೂಂ, ಮೊದಲನೇದು!"

"ನೋಡಿ ಸಾರ್, ಮೊದಲನೇದು ಅಂದ್ರೆ—"

"ಕಿವಿಗೂ ಮಂಜು ಕಟ್ಟಿದೆಯೇನ್ರೀ?"

ಆ ಮಾತು ಅವಳಿಗೆ ಚುರುಕ್ಕೆಂದಿತು. ಮತ್ತೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು ತಳದ ತುಂಡನ್ನು ಗರಗಸಕ್ಕೆ ಕೊಟ್ಟಳು.

ಲೋಟದಲ್ಲಿ ಯುಗಯುಗದ ಗಾಳಿ ಚಟಪಟ ಸಿಡಿಯಿತು. ಸಾಹೇಬರು ಒಂದು ಗುಟುಕು ಹೀರಿ, "ಪರವಾಗಿಲ್ಲ, ಸಕ್ಕರೆ ಸ್ವಲ್ಪ ಮುಂದಾಯ್ತು. ಇನ್ನೆರಡು ತುಂಡು ಹಾಕಿ" ಎಂದರು. ಹಾಕಿದ್ದಾಯಿತು, ಮುಗಿದದ್ದೂ ಆಯಿತು. ಭೂಮಿ ಜೋಪಾನವಾಗಿ ಬಚ್ಚಿಟ್ಟಿದ್ದ ಅಷ್ಟೂ ಚಳಿಗಾಲಗಳು ಒಂದು ತೇಗಾಗಿ ಹೊರಬಂದವು. ಸಂಸ್ಥೆಯ ಬಗ್ಗೆ ತಮಗೆ ತುಂಬ ತೃಪ್ತಿಯಾಯಿತೆಂದು ಹೇಳಿ ಅವರು ಕಾರು ಹತ್ತಿದರು.

ಮರುದಿನ ಸಂಶೋಧಕಿಯೊಬ್ಬಳು ತಳದ ತುಂಡಿಗೆಂದು ಬಂದಳು. "ಅಕ್ಕಾ, ಕೊಳವೆ ಖಾಲಿ ಇದೆ!" ಎಂದು ಚೀರಿದಳು.

"ಕುಡಿದುಬಿಟ್ರು ಕಣಮ್ಮ" ಎಂದಳು ಅಕ್ಕ.

ವಿಚಾರಣೆಗೆ ಸಮಿತಿ ಬರುವುದೆಂದಾಯಿತು. ಅಕ್ಕನ ಕೆಲಸಕ್ಕೆ ಕುತ್ತು ಬಂತು. ಅಂದೇ ಮಧ್ಯಾಹ್ನ ನಿರ್ದೇಶಕರು ದಪ್ಪ ಕೋಟು ಏರಿಸಿಕೊಂಡು, ಎಂದೂ ಕಾಲಿಡದ ಕೋಣೆಗೆ ತಾವೇ ಬಂದು, ಬಾಗಿಲನ್ನು ಹಾರುಹೊಡೆದೇ ಬಿಟ್ಟು ನಿಂತರು. ದನಿ ಬೆಣ್ಣೆಯಾಗಿತ್ತು.

"ನೋಡಮ್ಮ, ಕಂಪ್ರೆಸರ್ ಕೈಕೊಡ್ತು, ತುಂಡು ಕರಗಿಹೋಯ್ತು ಅಂತ ಒಂದು ಮಾತು ಹೇಳಿಬಿಡಿ. ಯಂತ್ರಕ್ಕೇನು ಮಾನವೇ ಮರ್ಯಾದೆಯೇ? ನಿಮ್ಮ ಕೆಲಸ ಉಳಿಸೋ ಭಾರ ನನ್ನದು. ನಿಮ್ಮಣ್ಣ ಅಂದ್ಕೊಳ್ಳಿ ನನ್ನ."

ಅಕ್ಕ ಕೈಗವಸು ಬಿಚ್ಚಲಿಲ್ಲ.

"ಅಣ್ಣ ನನಗೆ ಒಬ್ಬ ಇದ್ದಾನೆ ಸಾರ್, ಅವನೇ ಸಾಕಾಗಿದ್ದಾನೆ. ಈ ಕೋಣೇಲಿ ಒಂದು ಹನಿ ಕರಗಿಲ್ಲ, ಕರಗ್ತು ಅಂತ ನನ್ನ ಬಾಯಲ್ಲಿ ಬರೋದೂ ಇಲ್ಲ. ಇನ್ನೊಂದು ಸಲ ಕೇಳದೆ ಕೊಯ್ದದ್ದು ನನ್ನ ತಪ್ಪು, ಅದನ್ನ ನಾನೇ ಹೇಳ್ಕೊಳ್ತೀನಿ. ಕೆಲಸ ಹೋದ್ರೆ ಹೋಗ್ಲಿ. ನಿಮ್ಮ ಸಹಾಯ ನಿಮ್ಮ ಹತ್ರಾನೇ ಇರ್ಲಿ, ಸಮಿತಿ ಬಂದಾಗ ನಿಮಗೇ ಬೇಕಾಗುತ್ತೆ. ಈಗ ಆ ಬಾಗಿಲು ಹಾಕ್ಕೊಂಡು ಹೋಗಿ ಸಾರ್, ಸೆಕೆ ಒಳಗೆ ಬರ್ತಾ ಇದೆ."