ಜೇವರಗಿಗೆ ಬರಿದಲೆಯಲ್ಲಿ

1947ರ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಆಳಂದದಿಂದ ಚಕ್ಕಡಿಯಲ್ಲಿ ಹೊರಟೆವು. ಗಾಡಿಯವನು ಅಫಜಲಪುರಕ್ಕೆ ಎರಡು ರೂಪಾಯಿ ಕೇಳಿದ್ದ. ಕಾರಣ ತಿಳಿದ ಮೇಲೆ ಒಂದೂ ಬೇಡವೆಂದ.

ದಿಲ್ಲಿಯಲ್ಲಿ ಬಾವುಟ ಏರಿದ್ದರೂ ನಮ್ಮ ನಿಜಾಮ ಸೀಮೆಯಲ್ಲಿ ಅದನ್ನು ಹಿಡಿದವನಿಗೆ ಜೈಲೇ ಗತಿ. ಹಾಗೆ ಹಿಡಿದು ಜೈಲಿಗೆ ಹೋದವರು ನಮ್ಮೂರ ಬಸಲಿಂಗಪ್ಪ ಮಾಸ್ತರರು, ಲಾಠಿ ಬಿದ್ದರೂ ಕೈ ಎತ್ತಬೇಡಿ ಎಂದು ನಮಗೆ ಕಲಿಸಿದವರು. "ನಿನ್ನ ಹಿಂದೆ ಯಾರೂ ಇಲ್ಲ, ಮಾಫಿ ಕೇಳು" ಎಂದು ಜೈಲಿನವರು ದಿನವೂ ಅವರ ಕಿವಿಯಲ್ಲಿ ಊದುತ್ತಿದ್ದರಂತೆ. ಈಗ ಅವರನ್ನು ವಿಚಾರಣೆಗೆಂದು ಜೇವರಗಿ ಕಚೇರಿಗೆ ತರುವವರಿದ್ದರು. ಆ ಮಾತು ಸುಳ್ಳೆಂದು ಅವರಿಗೆ ಕಾಣಿಸಲೇಬೇಕೆಂದು ಹೆಂಡತಿ ಶರಣಮ್ಮಕ್ಕ ಹಟ ಹಿಡಿದು ನನ್ನ ಜೊತೆ ಗಾಡಿ ಏರಿದ್ದರು. ಅಲ್ಲಿ ಜನರಿಗೆ ಹಂಚಲು ಜೋಳದ ಚೀಲದಲ್ಲಿ ಬಿಳಿ ಗಾಂಧಿ ಟೋಪಿಗಳನ್ನು ಬಚ್ಚಿಟ್ಟಿದ್ದೆವು.

ಅಫಜಲಪುರದ ನಾಕೆಯಲ್ಲಿ ಪೊಲೀಸರು ಗಾಡಿ ತಡೆದು, ಚೀಲ ಬೋರಲು ಹಾಕಿ, ಟೋಪಿಗಳನ್ನು ನಮ್ಮೆದುರೇ ಸುಟ್ಟರು.

"ಈಗ ತಲಿಗಿ ಏನ್ ಹಾಕ್ಕೋತೀರಲೇ?" ಎಂದು ಪೊಲೀಸ್ ಅಮೀನ ನಕ್ಕ. ನನ್ನ ಮೈಯೆಲ್ಲ ಉರಿಯಿತು.

ಭೀಮಾ ನದಿಯ ಹರಿಗೋಲಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಾಗ ಶರಣಮ್ಮಕ್ಕ ಒಮ್ಮೆಲೇ ಅಂದರು: "ತಮ್ಮಾ, ನಿನ್ನ ತಲಿ ರುಮಾಲ ತೆಗಿ."

ನಮ್ಮ ಕಡೆ ಗಂಡಸು ಬರಿದಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ.

"ಅಕ್ಕಾ, ನಮ್ಮಪ್ಪ ಇನ್ನಾ ಗಟ್ಟಿ ಅದಾನ್ರಿ!"

"ನೂರು ವರ್ಷ ಇರ್ಲಿ. ಟೋಪಿ ಸುಟ್ರು. ಬರಿತಲಿಗಿ ಏನ್ ಮಾಡ್ತಾರ?"

ಅಂಬಿಗ ಹುಟ್ಟು ಬಿಟ್ಟು ಮೊದಲು ತನ್ನ ರುಮಾಲು ಬಿಚ್ಚಿದ. ನಾಚಿಕೆಯಾಗಿ ನಾನೂ ಬಿಚ್ಚಿದೆ. ನಾವು ನಡೆದು ಜೇವರಗಿ ಮುಟ್ಟುವಷ್ಟರಲ್ಲಿ ಬರಿದಲೆಯ ಮಾತು ಅಂಬಿಗರ ಬಾಯಿಂದ ನಮಗಿಂತ ಮೊದಲೇ ಪೇಟೆ ಸೇರಿತ್ತು.

ಮರುದಿನ ಕಚೇರಿ ಬೀದಿಯ ಎರಡೂ ಬದಿಗೆ ಅಂಗಡಿಯವರು, ಹಮಾಲರು, ಹತ್ತಿರದ ಅಂದೋಲಾ ಊರಿನಿಂದ ಬಂದ ರೈತರು, ಎಲ್ಲರೂ ಬರಿದಲೆ. ಒಂದು ಘೋಷಣೆಯೂ ಇಲ್ಲ. ಕೈಗೆ ಬೇಡಿ ಬಿದ್ದ ಮಾಸ್ತರರು ತಲೆ ತಗ್ಗಿಸಿ ಬರುತ್ತಿದ್ದರು. ಕಣ್ಣೆತ್ತಿ ನೋಡಿ ನಿಂತುಬಿಟ್ಟರು.

"ಯಾರು ಸತ್ತಾರಲೇ?" ಕಚೇರಿಯ ಅಮೀನ ಕೂಗಿದ.

ಶರಣಮ್ಮಕ್ಕ ಮುಂದೆ ಬಂದರು. "ನಿಮ್ಮ ಸರ್ಕಾರ ಸತ್ತದರಿ. ನಿಮಗಿನ್ನಾ ಸುದ್ದಿ ಮುಟ್ಟಿಲ್ಲೇನು?"

ಮಾಸ್ತರರು ಗಟ್ಟಿಯಾಗಿ ನಕ್ಕರು. ಒಳಗೆ ಮಾಫಿ ಕೇಳುವುದಿಲ್ಲ ಎಂದರಂತೆ. ಮತ್ತೆ ಜೈಲಿಗೇ ಒಯ್ದರು. ನನಗೆ ದುಃಖವಾಯಿತು, ಆದರೆ ಎದೆ ಸೆಟೆದಿತ್ತು.

ಊರಿಗೆ ಬರಿದಲೆಯಲ್ಲೇ ಮರಳಿದೆ. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ನನ್ನ ತಲೆ ನೋಡಿ ಸಿಟ್ಟಾದ. ಕಾರಣ ಹೇಳಿದೆ. ಅಪ್ಪ ಎದ್ದು, ತನ್ನ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

"ಮಾಸ್ತರ ಹೊರಗ ಬರೋತನಾ ಇದು ಅಲ್ಲೇ ಇರ್ಲಿ."