ನೆನಪಿಲ್ಲದ ತೋಳ

ಮಂಗಳೂರಿನಲ್ಲಿ ತೋಳ ಕಂಡವರಿಲ್ಲ. ಬೀದಿನಾಯಿಗಳು ಬೇಕಾದಷ್ಟಿವೆ, ಊರಂಚಿನಲ್ಲಿ ನರಿ ಕೂಗುವುದೂ ಉಂಟು, ತೋಳ ಮಾತ್ರ ಇಲ್ಲ. ಆದರೂ ಜೆಪ್ಪಿನ ಒಂದು ಹಂಚಿನ ಮನೆಯಲ್ಲಿ ಮಾನ್ಯಾ ಎಂಬ ಮೂವತ್ತಮೂರರ ಹೆಣ್ಣುಮಗಳು ಎರಡು ವರ್ಷಗಳಿಂದ ಒಂದು ತೋಳವನ್ನು ಸಾಕಿಕೊಂಡು ಬಂದಿದ್ದಳು. ಅದು ಅವಳ ಮೊಬೈಲಿನಲ್ಲಿತ್ತು.

ಬಲ್ಮಠದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ನಂಬರು ಕೂಗುವುದು ಅವಳ ಕೆಲಸ. ಮಧ್ಯಾಹ್ನ ಬುತ್ತಿ ಉಂಡು ಉಳಿದ ಅರ್ಧ ಗಂಟೆಯಲ್ಲಿ ಅವಳು ಒಂದು ಆ್ಯಪ್‌ಗೆ ಧಾರಾವಾಹಿ ಬರೆಯುತ್ತಿದ್ದಳು. ನಾಯಕ ರುದ್ರಾಂಶ ಹಗಲು ಮನುಷ್ಯ, ಕೆಲವು ರಾತ್ರಿ ತೋಳ. ನಾಯಕಿ ಇಳಾ ಅವನನ್ನು ಪ್ರೀತಿಸಿ, ಅವನಿಂದಲೇ ಕಚ್ಚಿಸಿಕೊಂಡು, ಮತ್ತೆ ಅವನನ್ನೇ ಪ್ರೀತಿಸುವವಳು. ಇಂಥ ಕಥೆಯನ್ನು ಯಾರು ಓದುತ್ತಾರೆ ಎಂದು ಮೂಗು ಮುರಿಯಬೇಡಿ. ನಲವತ್ತು ಸಾವಿರ ಜನ ಓದುತ್ತಿದ್ದರು.

ಮೊದಲಿಗೆ ಓದಿದವರು ಹತ್ತು ಜನವೂ ಇರಲಿಲ್ಲ. ಆಗ ರುದ್ರಾಂಶನಿಗೆ ಬೂದು ಕಣ್ಣು, ಕಲ್ಲಿನ ಬಂಗಲೆ, ಕಪ್ಪು ಕಾರು ಎಲ್ಲ ಇತ್ತು, ಜೀವ ಒಂದೇ ಇರಲಿಲ್ಲ. ಅವಳು ನೋಟ್‌ಬುಕ್ಕಿನಲ್ಲಿ ಅವನ ಎತ್ತರ, ಅಗಲ, ಮೈಮೇಲಿನ ಗಾಯಗಳ ಪಟ್ಟಿಯನ್ನೇ ಮಾಡಿದ್ದಳು. ಪಟ್ಟಿ ಮಾಡಿದರೆ ಮನುಷ್ಯ ಹುಟ್ಟುವುದಿಲ್ಲ. ಒಂದು ದಿನ, ಯಾಕೆಂದು ಯೋಚಿಸದೆ, ತೋಳವಾಗಿ ಎಲ್ಲ ಒಡೆದು ಹಾಕಿದ ಮರುದಿನ ಅವನು ಕುತ್ತಿಗೆ ಉಜ್ಜಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು, "ನಿನ್ನೆ ಏನಾಯಿತು? ನನಗೆ ಏನೂ ನೆನಪಿಲ್ಲ" ಎಂದು ಕೇಳುವಂತೆ ಬರೆದಳು. ಅವತ್ತಿನಿಂದ ರುದ್ರಾಂಶ ಉಸಿರಾಡತೊಡಗಿದ.

ಬೇರೆಯವರ ಕಥೆಗಳಲ್ಲಿ ಹುಣ್ಣಿಮೆಗೆ ತೋಳವಾದರೆ ಇವಳ ಕಥೆಯಲ್ಲಿ ಹತ್ತು ದಿನಕ್ಕೊಮ್ಮೆ. ಯಾಕೆ ಹೀಗೆ ಎಂದು ಓದುಗರು ಕೇಳಿದರೆ ಅವಳು ನಗುವಿನ ಚಿಹ್ನೆಯೊಂದನ್ನು ಹಾಕಿ ಸುಮ್ಮನಾಗುತ್ತಿದ್ದಳು. ಅವಳಪ್ಪ ಯಾದವ ಆಳಸಮುದ್ರದ ಬೋಟಿನಲ್ಲಿ ದುಡಿದವನು. ಬೋಟು ಹತ್ತು ದಿನಕ್ಕೊಮ್ಮೆ ಬಂದರಿನ ಧಕ್ಕೆಗೆ ಬರುತ್ತಿತ್ತು. ಬಂದ ಸಂಜೆ ಅವನು ಕುಡಿಯುತ್ತಿದ್ದ, ಕುಡಿದು ಹೆಂಡತಿ ಸುಂದರಿಯನ್ನು ಹೊಡೆಯುತ್ತಿದ್ದ. ಮರುದಿನ ಬೆಳಿಗ್ಗೆ ಕುತ್ತಿಗೆ ಉಜ್ಜಿಕೊಳ್ಳುತ್ತಾ ಗಂಜಿಗೆ ಬಂದು ಕೂರುತ್ತಿದ್ದ. ನನಗೆ ಎಂತದೂ ನೆನಪಿಲ್ಲ ಎನ್ನುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನೆರೆಯವರು ಗಾದೆ ಹೇಳಿ ಹೋಗುತ್ತಿದ್ದರು. ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು.

ಸುಂದರಿ ಮೀನು ಮಾರಿ ಮನೆ ನಡೆಸಿದವಳು, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಮನೆಯೂ ಅವಳದೇ, ತಾಯಿಯಿಂದ ಮಗಳಿಗೆ ಬಂದದ್ದು. ಯಾದವ ಅಲ್ಲಿಗೆ ಬಂದು ಸೇರಿದವನು. ಅವನನ್ನು ಹೊರಗೆ ಹಾಕುವುದಿದ್ದರೆ ಒಂದು ಮಾತು ಸಾಕಿತ್ತು. ಯಾಕೆ ಹಾಕಲಿಲ್ಲ ಎಂದು ಮಾನ್ಯಾ ಹನ್ನೆರಡನೇ ವಯಸ್ಸಿನಲ್ಲಿ ಕೇಳಿದ್ದಳು. ಸುಂದರಿಯ ಉತ್ತರ ಸಿದ್ಧವಿತ್ತು. "ದೈವದ ದರ್ಶನ ಬಂದವನನ್ನು ಮರುದಿನ ಯಾರಾದರೂ ಕೇಳ್ತಾರಾ, ನಿನ್ನೆ ಹಾಗೆ ಯಾಕೆ ಮಾಡಿದ್ದು ಅಂತ? ಮೈಮೇಲೆ ಬಂದಾಗ ಅವನು ಅವನಲ್ಲ. ಇದೂ ಹಾಗೆಯೇ ಮಗಾ. ನೆನಪಿಲ್ಲದವನ ಹತ್ತಿರ ಎಂತ ಕೇಳುವುದು?"

ದೈವದ ದರ್ಶನವನ್ನೂ ಸಾರಾಯಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ತಪ್ಪೇ. ಆದರೆ ಆ ತಪ್ಪಿನ ಮೇಲೆಯೇ ಸುಂದರಿ ನಲವತ್ತು ವರ್ಷ ಸಂಸಾರ ಕಟ್ಟಿದ್ದಳು. ಮಗಳು ಅದೇ ತಪ್ಪಿನ ಮೇಲೆ ನೂರ ಹನ್ನೆರಡು ಅಧ್ಯಾಯ ಕಟ್ಟಿದಳು.

ಈಗ ಕೊನೆಯ ಅಧ್ಯಾಯ ಬಾಕಿ ಇತ್ತು. ಓದುಗರಿಗೆಲ್ಲ ಮದುವೆ ಬೇಕು. ಕ್ಲಿನಿಕ್ಕಿನಲ್ಲಿ ಜೊತೆಗೆ ಕೆಲಸ ಮಾಡುವ ಜಸೀಲಾ ದಿನಾ ಪೀಡಿಸುತ್ತಿದ್ದಳು. "ಅವನು ಬೇಕಂತ ಮಾಡಿದ್ದಲ್ಲ ಮಾರಾಯ್ತಿ. ಅವನಿಗೆ ನೆನಪೇ ಇಲ್ಲ, ಪಾಪ. ಇಳಾ ಒಮ್ಮೆ ಕ್ಷಮಿಸಲಿ, ಮುಗಿಸು."

ಮಾನ್ಯಾಳಿಗೆ ಮುಗಿಸಲಾಗುತ್ತಿರಲಿಲ್ಲ. ಇಳಾ ಅವನನ್ನು ಕ್ಷಮಿಸಿ ಹಾರ ಹಾಕಿದರೆ, ಅಮ್ಮನ ಹುಬ್ಬಿನ ಮೇಲಿರುವ ಹೊಲಿಗೆಯ ಗುರುತಿಗೆ ಪ್ರೀತಿ ಎಂದು ಹೆಸರಿಟ್ಟಂತಾಗುತ್ತದೆ. ಕ್ಷಮಿಸದಿದ್ದರೆ ಅಮ್ಮನ ನಲವತ್ತು ವರ್ಷಗಳನ್ನೇ ಸುಳ್ಳು ಎಂದಂತಾಗುತ್ತದೆ. ಎರಡೂ ಅವಳಿಗೆ ಬೇಡವಾಗಿತ್ತು. ಅವಳಿಗೆ ಅಮ್ಮನ ಮೇಲೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಪ್ರೀತಿ ಇತ್ತು. ಮೂರು ವಾರ ಒಂದು ಸಾಲೂ ಬರೆಯಲಿಲ್ಲ.

ಭಾನುವಾರಗಳಲ್ಲಿ ಸುಂದರಿ ಮೀನು ಶುಚಿ ಮಾಡುವಾಗ ಮಗಳು ಅಧ್ಯಾಯ ಓದಿ ಹೇಳುವುದು ರೂಢಿ. ತಾಯಿಗೆ ಉದ್ದದ್ದನ್ನು ಓದಲು ಬಾರದು, ಕೇಳುವುದಕ್ಕೆ ಬಲು ಇಷ್ಟ. ಮೂರನೇ ಭಾನುವಾರ ಮಾನ್ಯಾ ಕಳೆದ ಅಧ್ಯಾಯವನ್ನೇ ಮತ್ತೆ ತೆಗೆದಳು, ಮುಂದಿನ ದಾರಿ ಸಿಕ್ಕಿದರೆ ಸಿಗಲಿ ಎಂದು. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾದವ ಕಣ್ಣು ಮುಚ್ಚಿ ಕೂತಿದ್ದ. ಪಾರ್ಶ್ವವಾಯು ಬಡಿದು ಎಡಗೈ ಸೋತ ಮೇಲೆ, ಎಂಟು ವರ್ಷಗಳಿಂದ ಅವನು ಕುಡಿತ ಬಿಟ್ಟಿದ್ದ. ಮಾತೂ ಕಡಿಮೆ. ಅವನು ಕೇಳಿಸಿಕೊಳ್ಳುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ.

ಇಳಾಳ ಭುಜದಲ್ಲಿ ಹಲ್ಲಿನ ಗುರುತು. ರುದ್ರಾಂಶ ಬೆಳಿಗ್ಗೆ ಎದ್ದು ಬಂದು ಅದನ್ನು ನೋಡಿ, ಇದು ಯಾರು ಮಾಡಿದ್ದು ಎಂದು ಕೇಳುತ್ತಾನೆ. ಅಲ್ಲಿಗೆ ಓದು ಮುಗಿಯಿತು.

"ಪಾಪ," ಎಂದಳು ಸುಂದರಿ, ಮೆಟ್ಟುಕತ್ತಿಯ ಮೇಲೆ ಬಂಗುಡೆಯ ತಲೆ ತೆಗೆಯುತ್ತಾ. "ಅವನಿಗೆ ಗೊತ್ತೇ ಇಲ್ಲ."

"ಗೊತ್ತುಂಟು."

ಯಾದವನ ದನಿ. ಕಣ್ಣು ತೆರೆದಿತ್ತು.

"ಯಾರಿಗೆ ಅಪ್ಪ?"

"ಆ ತೋಳನಿಗೆ. ಹತ್ತು ದಿನಕ್ಕೊಮ್ಮೆ ಅಂತ ಬರೆದಿದ್ದಿ ಅಲ್ಲ. ನಾನು ಮೊದಲಿಂದ ಕೇಳ್ತಾ ಇದ್ದೇನೆ." ಅವನು ಸರಿಯಾದ ಕೈಯಿಂದ ಸೋತ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. "ಬೆಳಿಗ್ಗೆ ಏಳುವಾಗ ಎಲ್ಲ ನೆನಪಿರ್ತದೆ. ಕೈ ಎತ್ತಿದ್ದು, ಅವಳು ಬಿದ್ದದ್ದು, ಮಗು ಬಾಗಿಲ ಹಿಂದೆ ನಿಂತು ನೋಡಿದ್ದು. ನೆನಪಿಲ್ಲ ಅಂದ್ರೆ ಮತ್ತೆ ಯಾರೂ ಕೇಳುವುದಿಲ್ಲ. ಅದಕ್ಕೆ ಹಾಗೆ ಹೇಳುವುದು. ನೀನು ಸರಿ ಬರಿ."

ಮಾನ್ಯಾ ಮೊಬೈಲನ್ನು ಕೆಳಗಿಟ್ಟಳು. ಬಾಗಿಲ ಹಿಂದೆ ತಾನು ನಿಂತದ್ದು ಅಪ್ಪನಿಗೆ ಕಂಡಿತ್ತು. ಎರಡು ವರ್ಷದಿಂದ ತಾನು ಮುದ್ದು ಮಾಡಿ ಬೆಳೆಸಿದ ತೋಳ ಸುಳ್ಳು ಹೇಳುತ್ತಿತ್ತು, ಅದನ್ನು ತಾನು ಲಕ್ಷಣವಾಗಿ ಬರೆದು ನಲವತ್ತು ಸಾವಿರ ಜನರಿಗೆ ನಂಬಿಸಿದ್ದಳು. ಅವಳಿಗೆ ನಾಚಿಕೆಯಾಯಿತು. ಅಮ್ಮನ ಮುಖ ನೋಡಲು ಹೆದರಿಕೆಯಾಯಿತು.

ಸುಂದರಿ ಉಳಿದ ಎರಡು ಮೀನುಗಳನ್ನು ಶುಚಿ ಮಾಡಿದಳು. ಕತ್ತಿ ಮಡಚಿ ಗೋಡೆಗೆ ಒರಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಗಂಡನ ಕಡೆ ತಿರುಗಲಿಲ್ಲ.

"ಹಾಗಾದರೆ ಆ ಹುಡುಗಿ ಅವನನ್ನು ಕ್ಷಮಿಸುವುದು ಬೇಡ ಮಾನ್ಯಾ," ಎಂದಳು. "ನಾನು ಕ್ಷಮಿಸಿದ್ದು ನೆನಪಿಲ್ಲದವನನ್ನು. ಇವನನ್ನಲ್ಲ."

ಮಾನ್ಯಾ ಅಪ್ಪನನ್ನು ನೋಡಿದಳು.

"ಕ್ಷಮಿಸುವುದು ಬೇಡ," ಎಂದ ಯಾದವ.