ಅತ್ತೆಯ ಎಡಗೈ

ನ್ಯಾಮತಿಯಿಂದ ಜಗಳೂರಿಗೆ ಸೊಸೆಯಾಗಿ ಬಂದ ಹೊಸತರಲ್ಲೇ ಅತ್ತೆಯ ಎಡಗೈ ನನ್ನ ಕಣ್ಣಿಗೆ ಬಿದ್ದಿತ್ತು. ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತವರು ಸುಲಿಯುವುದನ್ನೇ ಮರೆತು ಎಲ್ಲೋ ನೋಡುತ್ತಿದ್ದರು. ಎಡಗೈ ಮಾತ್ರ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ನೊಣ ಓಡಿಸುತ್ತಾರೆ ಅಂದುಕೊಂಡೆ. ನೊಣವಿಲ್ಲದ ಚಳಿಗಾಲದಲ್ಲೂ ಆ ಕೈ ನಿಲ್ಲಲಿಲ್ಲ.

ಎಂಬತ್ತರ ದಶಕದ ಶುರುವಿಗೆ ನನಗೆ ಮಗ ಹುಟ್ಟಿದ. ಬಾಣಂತನ ಮುಗಿಸಿ ಮರಳಿದರೆ, ಅವನನ್ನು ಎಲ್ಲಿ ಮಲಗಿಸುವುದು ಅನ್ನುವುದೇ ಜಗಳ. ಅತ್ತೆ ನೆಲ ಅಂದರು, ನಾನು ಜೋಲಿ ಅಂದೆ.

"ನಿಮ್ಮೂರ ಕಲ್ಲುಗೋಡೆ ತುಂಬ ಬರೀ ಚೇಳು. ನೆಲದ ಮೇಲೆ ಹೆಂಗೆ ಮಲಗಿಸಾಕೆ ಆಗ್ತೈತ್ರೀ ಅತ್ತೆ?"

"ನಿನ್ನ ಕೂಸು, ನಿನ್ನಿಷ್ಟ," ಅಂದರು.

ನನ್ನ ಹಳೇ ಸೀರೆಯನ್ನು ಕೋಣೆಯ ತೊಲೆಗೆ ಕಟ್ಟಿ ಜೋಲಿ ಮಾಡಿದೆ. ಅವತ್ತಿನಿಂದ ಅವರು ಆ ಕೋಣೆಗೆ ಕಾಲಿಡಲಿಲ್ಲ. ಮೊಮ್ಮಗ ಎಷ್ಟೇ ಅತ್ತರೂ ಬಾಗಿಲಾಚೆ ನಿಂತು ನನ್ನನ್ನು ಕೂಗುತ್ತಿದ್ದರೇ ಹೊರತು ಒಂದು ಸಲವೂ ಬಂದು ತೂಗಲಿಲ್ಲ. ಎಂಥ ಕಲ್ಲೆದೆಯ ಹೆಂಗಸಪ್ಪಾ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಏಳನೇ ತಿಂಗಳಿಗೆ ಮಗ ಜೋಲಿಯ ಅಂಚು ಹಿಡಿದು ಏಳತೊಡಗಿದ. ಬಿದ್ದರೆ ಗತಿಯೇನು? ನಮ್ಮ ಕಡೆ ಎಲ್ಲರೂ ಮಾಡುವಂತೆ ಜೋಲಿಯ ಬಾಯಿಗೆ ಅಡ್ಡಲಾಗಿ ಒಂದು ಬಟ್ಟೆಯ ಪಟ್ಟಿ ಬಿಗಿದೆ. ಇನ್ನು ಬೀಳುವ ಮಾತೇ ಇಲ್ಲ ಅಂತ ನಿಶ್ಚಿಂತೆಯಾಗಿ ಹಿತ್ತಲಿಗೆ ಬಟ್ಟೆ ಒಗೆಯಲು ಹೋದೆ.

ಸ್ವಲ್ಪ ಹೊತ್ತಿಗೆ ಮಗ ಚೀರಿದ. ಓಡಿ ಬಂದು ನೋಡಿದರೆ ಅತ್ತೆ ಕೋಣೆಯೊಳಗಿದ್ದಾರೆ! ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ತೋಳಲ್ಲಿ ನನ್ನ ಮಗ. ಪಟ್ಟಿ ಎರಡು ತುಂಡಾಗಿ ನೇತಾಡುತ್ತಿತ್ತು.

"ನಿಮಗೇನು ಹುಚ್ಚು ಹಿಡಿದೈತೇನ್ರೀ? ಕೂಸಿನ ಹತ್ರ ಕುಡುಗೋಲು ತರ್ತಾರೇನ್ರೀ?" ಅಂತ ಕಿರುಚಿ ಮಗುವನ್ನು ಕಿತ್ತುಕೊಂಡೆ.

ಕುಡುಗೋಲು ಬಿಸಾಕಿ ಅವರು ಗೋಡೆಗೊರಗಿ ಕುಸಿದರು.

"ನಾನೂ ಹಿಂಗೇ ಕಟ್ಟಿದ್ದೆ ಕಣವ್ವ. ನಿನ್ನ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣುಕೂಸಿತ್ತು. ಬೀಳಬಾರದು ಅಂತ ಪಟ್ಟಿ ಬಿಗಿದು ನೀರಿಗೆ ಹೋದೆ. ಬಂದು ನೋಡಿದ್ರೆ ಕೂಸು ಒಳಗೇ ಜಾರಿತ್ತು, ಪಟ್ಟಿ ಕುತ್ತಿಗೆಗೆ ಸಿಕ್ಕಿತ್ತು."

ನೇತಾಡುವ ಪಟ್ಟಿಯನ್ನೇ ನೋಡುತ್ತ, "ಬೀಳಲಿಲ್ಲ. ನನ್ನ ಕೂಸು ಬೀಳಲೇ ಇಲ್ಲ," ಅಂದರು. ಅವತ್ತೇ ಜೋಲಿ ಬಿಚ್ಚಿದೆ.

ಆಮೇಲೆ ನೆಲವೇ. ಅತ್ತೆ ಗೋಡೆಯ ಸಂದುಸಂದಿಗೂ ಮಣ್ಣು ಮೆತ್ತಿದರು. ಬೆಳಗ್ಗೆ ಎದ್ದು ಚಾಪೆ, ಕೌದಿ ಒದರಿ ಬಿಸಿಲಿಗೆ ಹಾಕುತ್ತಿದ್ದರು. ಗೋಡೆಯಿಂದ ದೂರ, ನಡುಮನೆಯ ಮಧ್ಯದಲ್ಲಿ ಅವನ ಹಾಸಿಗೆ. ಮೆತ್ತಗಿರಲಿ ಅಂತ ದಿಂಬು ಇಡಲು ಹೋದರೆ ಬೈದು ಕಿತ್ತೆಸೆದರು. ಅವನು ಮಲಗಿದಾಗಲೆಲ್ಲ ಬಲಗೈಯನ್ನು ಅವನೆದೆಯ ಮೇಲೆ ಹಗುರವಾಗಿಟ್ಟು, ಉಸಿರು ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದರು. ಎಡಗೈ ಪಕ್ಕದ ಖಾಲಿ ಜಾಗದಲ್ಲಿ ತೂಗುತ್ತಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಮಗ ಎಚ್ಚರಾಗಿ ರಂಪ ಶುರುಮಾಡಿದ. ಅತ್ತೆ ಅವನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಸುಮ್ಕಿರಪ್ಪ, ಅಕ್ಕ ಎದ್ದುಬಿಡ್ತಾಳೆ."

ನಾನು ಸದ್ದಾಗದ ಹಾಗೆ ಹೆಜ್ಜೆಯಿಟ್ಟು ಬಂದು ಮಗನನ್ನು ಎತ್ತಿಕೊಂಡೆ.